ಮನೆಮಂದಿಯೊಂದಿಗೆ ಬಸ್ರೂರಿಗೆ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಲ್ಪೆ, ಮರವಂತೆ ಎಲ್ಲ ಇರುವಾಗ ಮಕ್ಕಳನ್ನು ಕರೆದುಕೊಂಡು ಬಸ್ರೂರಿಗೇ ಏಕೆ ಹೋಗಬೇಕು?

ಮಲ್ಪೆಗೆ ಹೋದರೆ ಸಮುದ್ರ ಸಿಗುತ್ತದೆ, ಉಡುಪಿಗೆ ಹೋದರೆ ದೇವರ ದರ್ಶನವಾಗುತ್ತದೆ. ಎರಡೂ ಬೇಕಾದವೇ. ಆದರೆ ನಮ್ಮ ಕರಾವಳಿ ಒಂದು ಕಾಲದಲ್ಲಿ ಹೇಗೆ ಬದುಕಿತ್ತು, ಗದ್ದೆಯ ಅಕ್ಕಿ ಅರಬ್ಬರ ನಾಡಿನವರೆಗೆ ಹೇಗೆ ಹೋಯಿತು ಎಂದು ಮಗು ಕೇಳಿದರೆ, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಬಹುದಾದ ಊರು ಬಸ್ರೂರು. ವಾರಾಹಿ ಹೊಳೆಯ ದಂಡೆಯ ಈ ಸಣ್ಣ ಊರಿನ ಹೆಸರು ಅರಬ್ಬರಿಗೂ ಪೋರ್ಚುಗೀಸರಿಗೂ ಗೊತ್ತಿತ್ತು. ಪೋರ್ಚುಗೀಸರ ದಾಖಲೆಗಳಲ್ಲಿ ಇದು 'ಬಾರ್ಸೆಲೋರ್'. ಇವತ್ತು ಅಲ್ಲಿ ಟಿಕೆಟ್ ಕೌಂಟರ್ ಇಲ್ಲ, ಸಾಲು ಅಂಗಡಿಗಳಿಲ್ಲ. ದೇವಸ್ಥಾನ, ಕೇರಿ, ತೆಂಗಿನ ತೋಟ, ಹೊಳೆ ಇಷ್ಟೇ. ಇಷ್ಟರಲ್ಲೇ ಐದಾರು ಶತಮಾನದ ಕಥೆ ಇದೆ, ಓದಿಕೊಂಡು ಹೋದವರಿಗೆ ಅದು ಸಿಗುತ್ತದೆ.

ಎಲ್ಲಿದೆ? ಎಷ್ಟು ದೂರ?

ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿದೆ. ಕುಂದಾಪುರ ಪೇಟೆಯಿಂದ ಪೂರ್ವಕ್ಕೆ ಆರೇಳು ಕಿಲೋಮೀಟರ್. ಉಡುಪಿಯಿಂದ ಹೊರಟರೆ ಬ್ರಹ್ಮಾವರ, ಸಾಲಿಗ್ರಾಮ, ಕೋಟ, ಕೋಟೇಶ್ವರ ದಾಟಿ ಹೆದ್ದಾರಿ 66ರಲ್ಲಿ ಬಸ್ರೂರು ಮೂರುಕೈ ಸಿಗುತ್ತದೆ, ಅಲ್ಲಿ ಬಲಕ್ಕೆ ತಿರುಗಬೇಕು. ಉಡುಪಿಯಿಂದ ಒಂದು ಗಂಟೆಯ ದಾರಿ ಎಂದಿಟ್ಟುಕೊಳ್ಳಿ. ಮಂಗಳೂರಿನವರು ಎರಡೂವರೆ ಗಂಟೆ ಇಟ್ಟುಕೊಂಡು, ನಡುವೆ ಉಡುಪಿಯಲ್ಲಿ ತಿಂಡಿ ಮುಗಿಸಿದರೆ ಸುಖ. ಹೆಜಮಾಡಿ ಮತ್ತು ಗುಂಡ್ಮಿಯಲ್ಲಿ ಟೋಲ್ ಇದೆ, ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ನಮ್ಮಲ್ಲಿ ಕಾರಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಹೋಗಬಹುದೇ?

ಧಾರಾಳವಾಗಿ. ಮಂಗಳೂರು, ಉಡುಪಿಯಿಂದ ಕುಂದಾಪುರಕ್ಕೆ ದಿನವಿಡೀ ಬಸ್ಸುಗಳಿವೆ. ಕುಂದಾಪುರದಿಂದ ಕಂಡ್ಲೂರು, ಸಿದ್ದಾಪುರ ಕಡೆಗೆ ಹೋಗುವ ಬಸ್ಸು ಹತ್ತಿದರೆ ಬಸ್ರೂರಿನಲ್ಲಿ ಇಳಿಸುತ್ತದೆ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಆದ್ದರಿಂದ ಹೆಂಗಸರು ಚಿಲ್ಲರೆ ಇಟ್ಟುಕೊಂಡೇ ಹೊರಡಿ.

ರೈಲಿನವರಿಗೆ ಒಂದು ಅನುಕೂಲ ಇದೆ. ಕುಂದಾಪುರ ರೈಲು ನಿಲ್ದಾಣ ಇರುವುದು ಪೇಟೆಯಲ್ಲಿ ಅಲ್ಲ, ಮೂಡ್ಲಕಟ್ಟೆಯಲ್ಲಿ. ಅದು ಪೇಟೆಯಿಂದ ಬಸ್ರೂರಿನ ಕಡೆಗೇ ಇದೆ. ಅಲ್ಲಿಂದ ರಿಕ್ಷಾ ಹಿಡಿದರೆ ಸಾಕು. ಬೆಂಗಳೂರಿನಿಂದ ಬರುವ ನೆಂಟರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಳ್ಳಂಬೆಳಿಗ್ಗೆ ಇಲ್ಲಿಗೆ ತಂದುಬಿಡುತ್ತದೆ. ಆ ರೈಲಿನ ಹೆಸರೇ ನೀವು ನೋಡಲು ಬಂದಿರುವ ನೀರಿನದು: ಸೌಪರ್ಣಿಕಾ, ವಾರಾಹಿ, ಕೇದಕ, ಚಕ್ರ, ಕುಬ್ಜಾ ಎಂಬ ಐದು ಹೊಳೆಗಳು ಕೂಡಿ ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುವ ಪಂಚಗಂಗಾವಳಿ.

ಬಸ್ರೂರಿನಿಂದ ಸಮುದ್ರವೇ ಕಾಣುವುದಿಲ್ಲ. ಇದು ಬಂದರು ಆಗಿದ್ದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಬಸ್ರೂರು ನೋಡಿದ ಹಾಗೆ.

ಹಳೆಯ ಕಾಲದ ಹಡಗಿಗೆ ತೆರೆದ ಕಡಲತೀರ ಬೇಕಾಗಿರಲಿಲ್ಲ. ತೆರೆದ ತೀರದಲ್ಲಿ ಅಲೆ ಹೊಡೆಯುತ್ತದೆ, ಗಾಳಿ ಎಳೆಯುತ್ತದೆ, ಕಡಲ್ಗಳ್ಳರ ಕಣ್ಣಿಗೂ ಬೀಳುತ್ತದೆ. ಹಡಗಿಗೆ ಬೇಕಾಗಿದ್ದು ಅಳಿವೆಯ ಒಳಗೆ, ಅಲೆ ಇಲ್ಲದ, ಆಳವಾದ, ಎರಡೂ ದಂಡೆ ಇರುವ ಜಾಗ. ಪಂಚಗಂಗಾವಳಿಯ ಅಳಿವೆ ಅಗಲವಾದದ್ದು. ಭರತ, ಅಂದರೆ ಉಬ್ಬರ ಬಂದಾಗ ಕಡಲ ನೀರು ಹೊಳೆಯೊಳಗೆ ಹಿಂದಕ್ಕೆ ಹರಿಯುತ್ತದೆ. ಆ ನೀರಿನ ಜೊತೆಗೇ ಹಡಗು ಒಳಗೆ ಬರುತ್ತಿತ್ತು. ಸರಕು ಇಳಿಸಿ, ತುಂಬಿಸಿ, ಇಳಿತದ ನೀರಿನ ಜೊತೆ ಹೊರಗೆ ಹೋಗುತ್ತಿತ್ತು.

ಇನ್ನೊಂದು ಕಾರಣ ಬೆನ್ನ ಹಿಂದೆ ಇದೆ. ನೀವು ಬಂದ ರಸ್ತೆಯಲ್ಲೇ ಮುಂದೆ ಹೋದರೆ ಕಂಡ್ಲೂರು, ಸಿದ್ದಾಪುರ, ಹೊಸಂಗಡಿ. ಅಲ್ಲಿಂದ ಬಾಳೆಬರೆ ಘಾಟಿ ಹತ್ತಿದರೆ ನಗರ, ಅಂದರೆ ಕೆಳದಿ ಅರಸರ ಬಿದನೂರು. ಘಟ್ಟದ ಮೇಲಿನ ಮೆಣಸು ಇಳಿದು ಬರಲು, ಕರಾವಳಿಯ ಗದ್ದೆಗಳ ಅಕ್ಕಿ ಬಂದು ಸೇರಲು, ಕಡಲಿನಿಂದ ಬಂದದ್ದು ಮೇಲಕ್ಕೆ ಹೋಗಲು ಇದಕ್ಕಿಂತ ಸಲೀಸಾದ ಜಾಗ ಬೇರೆ ಇರಲಿಲ್ಲ. ಎತ್ತಿನ ಹೇರು ನಿಲ್ಲುವ ಕಡೆ ಮತ್ತು ಹಡಗು ನಿಲ್ಲುವ ಕಡೆ ಒಂದೇ ಆಗಿತ್ತು.

14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಪ್ರಯಾಣ ಮಾಡಿದ ಇಬ್ನ್ ಬತೂತ 'ಅಬು ಸರೂರ್' ಎಂಬ ಊರನ್ನು ಹೇಳುತ್ತಾನೆ: ಅಳಿವೆಯ ದಂಡೆಯ ಸಣ್ಣ ಊರು, ತುಂಬಾ ತೆಂಗಿನ ಮರಗಳು. ವಿದ್ವಾಂಸರು ಅದನ್ನು ಬಸ್ರೂರು ಎಂದೇ ಗುರುತಿಸುತ್ತಾರೆ. ಈಗ ಹೋಗಿ ಹೊಳೆಯ ಬದಿಯಲ್ಲಿ ನಿಂತರೂ ಅದೇ ಎರಡು ಮಾತಿನಲ್ಲಿ ಊರನ್ನು ಹೇಳಬಹುದು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಇಲ್ಲಿ ಹಡಗುಗಳು ಒಳ್ಳೆಯ ಅಕ್ಕಿಯನ್ನು ತುಂಬಿಸಿಕೊಂಡು ಹೋಗುವುದನ್ನು ಬರೆದಿದ್ದಾನೆ. ನಾವು ಮೆಣಸಿನ ಕಥೆಯನ್ನೇ ಹೆಚ್ಚು ಹೇಳುತ್ತೇವೆ. ಬಸ್ರೂರಿನ ಮಟ್ಟಿಗೆ ದೊಡ್ಡ ಸರಕು ಅಕ್ಕಿ.

ಹಾಗಾದರೆ ಭರತ-ಇಳಿತ ನೋಡಿಕೊಂಡು ಹೋಗಬೇಕೇ?

ಹೋದರೆ ಬಹಳ ಒಳ್ಳೆಯದು. ಮಲ್ಪೆ ಅಥವಾ ಮಂಗಳೂರಿನ ಉಬ್ಬರದ ವೇಳೆ ಮೊಬೈಲಿನಲ್ಲಿ ಸಿಗುತ್ತದೆ. ಬಸ್ರೂರು ಒಳಗಿರುವುದರಿಂದ ಇಲ್ಲಿಗೆ ನೀರು ಸ್ವಲ್ಪ ತಡವಾಗಿ ಏರುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ವೇಳೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು.

ನೀರು ಏರುತ್ತಿರುವ ಹೊತ್ತಿನಲ್ಲಿ ದಂಡೆಗೆ ಹೋಗಿ, ಒಂದು ಒಣ ಎಲೆಯನ್ನೋ ತೆಂಗಿನ ಗರಿಯ ಚೂರನ್ನೋ ನೀರಿಗೆ ಬಿಡಿ. ಅದು ಘಟ್ಟದ ಕಡೆಗೆ ತೇಲಿಕೊಂಡು ಹೋಗುತ್ತದೆ. ಹೊಳೆ ಉಲ್ಟಾ ಹರಿಯುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಆಮೇಲೆ ಬಂದರಿನ ವಿಷಯ ಬೇರೆಯಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ಊರಿನಲ್ಲಿ ಏನೇನು ನೋಡಬೇಕು?

ಮೊದಲು ಮಹಾಲಿಂಗೇಶ್ವರ ದೇವಸ್ಥಾನ. ಬೆಳಿಗ್ಗೆಯೇ ಹೋಗಿ, ಕರಾವಳಿಯ ದೇವಸ್ಥಾನಗಳು ಮಧ್ಯಾಹ್ನದ ಪೂಜೆಯಾದ ಮೇಲೆ ಬಾಗಿಲು ಹಾಕುತ್ತವೆ. ದೇವರಿಗೆ ಕೈಮುಗಿದ ಮೇಲೆ ಆವರಣದಲ್ಲಿ ಶಾಸನದ ಕಲ್ಲುಗಳನ್ನು ಹುಡುಕಿ. ವಿಜಯನಗರ ಕಾಲದಲ್ಲಿ ಈ ಪ್ರದೇಶ ಬಾರಕೂರು ರಾಜ್ಯಕ್ಕೆ ಸೇರಿತ್ತು, ಅರಸರ ಪರವಾಗಿ ರಾಜ್ಯಪಾಲರು ಬಾರ್ಕೂರಿನಲ್ಲಿ ಕೂತು ಆಳುತ್ತಿದ್ದರು. ಆದರೆ ಬಸ್ರೂರಿನ ಶಾಸನಗಳಲ್ಲಿ ಅರಸರಷ್ಟೇ ಮುಖ್ಯವಾಗಿ ಕಾಣುವವರು ಊರಿನ ಜನ: ಮೂಡುಕೇರಿಯ ಹಲರು, ಪಡುವಕೇರಿಯ ಹಲರು, ಸೆಟ್ಟಿಕಾರರು, ನಖರ, ಹಂಜಮಾನ. ಹಲರು ಎಂದರೆ ಕೇರಿಯ ಹಿರಿಯರ ಸಭೆ. ಸೆಟ್ಟಿಕಾರರು, ನಖರ ವ್ಯಾಪಾರಿಗಳ ಸಂಘಗಳು. ಹಂಜಮಾನ ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಕೂಟ. ದೇವಸ್ಥಾನಕ್ಕೆ ದಾನ ಕೊಡುವಾಗ, ಕಟ್ಟುಪಾಡು ಮಾಡುವಾಗ ಇವರೆಲ್ಲ ಒಟ್ಟಿಗೆ ಕೂತು ತೀರ್ಮಾನಿಸುತ್ತಿದ್ದರು. ಬೇರೆ ಬೇರೆ ದೇವರನ್ನು ನಂಬುವ ಜನ ಒಂದೇ ಪೇಟೆಯಲ್ಲಿ ಜೊತೆಯಾಗಿ ಊರು ನಡೆಸಿದ್ದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷಿ ಇದು. ನನಗೆ ಇಡೀ ಬಸ್ರೂರಿನಲ್ಲಿ ಅತಿ ಹೆಚ್ಚು ಬೆಲೆಬಾಳುವುದು ಇದೇ ಎನಿಸುತ್ತದೆ.

ಆಮೇಲೆ ಕೇರಿಗಳಲ್ಲಿ ನಡೆಯಿರಿ. ಮೂಡುಕೇರಿ, ಪಡುವಕೇರಿ ಬಿಟ್ಟು ಮಂಡಿಕೇರಿ, ರಾವುತಕೇರಿ, ವಿಲಾಸಕೇರಿ ಎಂಬ ಹೆಸರುಗಳೂ ಇವೆ. ಮಂಡಿ ಎಲ್ಲಿತ್ತು, ಕುದುರೆಯ ರಾವುತರು ಎಲ್ಲಿದ್ದರು ಎಂದು ಹೆಸರೇ ಹೇಳುತ್ತದೆ. ಕಟ್ಟಡಗಳು ಹೋಗಿವೆ, ಪೇಟೆಯ ನಕ್ಷೆ ಹೆಸರುಗಳಲ್ಲಿ ಉಳಿದಿದೆ.

ಮೂರನೆಯದು ತುಳುವೇಶ್ವರ. ಆಲದ ಮರದ ಬೇರು, ಬಿಳಲುಗಳೇ ಗೋಡೆಯಾಗಿ ಹಿಡಿದುಕೊಂಡಿರುವ ಗುಡಿ. ಮಕ್ಕಳಿಗೆ ತಟ್ಟನೆ ಹಿಡಿಸುವ ಜಾಗ ಇದೇ. ಈಗ ಇದು ಕುಂದಗನ್ನಡದ ಸೀಮೆ, ಆದರೆ ಹಳೆಯ ತುಳುರಾಜ್ಯ ಇಲ್ಲಿಯವರೆಗೂ ಚಾಚಿತ್ತು ಎಂಬುದಕ್ಕೆ ಈ ದೇವರ ಹೆಸರು ಒಂದು ಗುರುತು. ಬೇರುಗಳ ಮೇಲೆ ಹತ್ತಲು ಬಿಡಬೇಡಿ, ಅದು ಪೂಜೆಯ ಸ್ಥಳ, ಜೊತೆಗೆ ಗೋಡೆಯನ್ನು ಹಿಡಿದಿಟ್ಟಿರುವುದೂ ಆ ಬೇರೇ.

ಕೊನೆಗೆ ಹೊಳೆಯ ಬದಿ. ಊರವರನ್ನು ಕೇಳಿ, "ಹ್ವಾಯ್, ಹೊಳೆ ಬದಿಗೆ ಯಾವ ದಾರಿ?" ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ತೋರಿಸುತ್ತಾರೆ. ಕೆಲವು ದಾರಿ ಮನೆಗಳ ಅಂಗಳವನ್ನು ಹಾದು ಹೋಗುತ್ತದೆ, ಕೇಳಿಯೇ ಕಾಲಿಡಿ.

ಛತ್ರಪತಿ ಶಿವಾಜಿ ಬಸ್ರೂರಿಗೆ ಬಂದಿದ್ದು ನಿಜವೇ?

ನಿಜ. 1665ರ ಫೆಬ್ರವರಿಯಲ್ಲಿ. ಮಾಲ್ವಣದಿಂದ ಹಡಗಿನಲ್ಲಿ ಹೊರಟು ಕಡಲ ಮೂಲಕ ಬಂದು ದಾಳಿ ಮಾಡಿದರು. ಅವರು ತಾವೇ ಮುಂದೆ ನಿಂತು ನಡೆಸಿದ ನೌಕಾದಾಳಿ ಇದು. ಆ ಕಾಲದ ಇಂಗ್ಲಿಷ್ ವರ್ತಕರ ದಾಖಲೆಯಲ್ಲಿ 3 ದೊಡ್ಡ ಹಡಗು, 85 ಸಣ್ಣ ಯುದ್ಧನೌಕೆಗಳ ಲೆಕ್ಕ ಇದೆ. ಬಸ್ರೂರಿನಲ್ಲಿ ಅಪಾರ ಸಂಪತ್ತು ಸಿಕ್ಕಿತು. ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು ಶಿವರಾತ್ರಿಯ ಸ್ನಾನ ಮಾಡಿ, ಅಲ್ಲಿಂದ ಕಾರವಾರದ ಕಡೆಗೆ ಹೋದರು.

ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಲು ಬಂದರು ಎಂದು ಹೇಳುವವರೂ ಇದ್ದಾರೆ. ಮಕ್ಕಳಿಗೆ ಹೇಳುವಾಗ ಇಷ್ಟು ನೆನಪಿರಲಿ: ಕೆಳದಿಯ ಅರಸ ಶಿವಪ್ಪ ನಾಯಕ 1650ರ ದಶಕದಲ್ಲೇ ಪೋರ್ಚುಗೀಸರನ್ನು ಈ ಕರಾವಳಿಯ ಕೋಟೆಗಳಿಂದ ಹೊರಗೆ ಹಾಕಿದ್ದ. ಅವನು ತೀರಿಕೊಂಡದ್ದು 1660ರಲ್ಲಿ. 1665ರಲ್ಲಿ ಊರು ಬಿದನೂರಿನ ಕೆಳದಿ ಅರಸರ ಕೈಯಲ್ಲಿತ್ತು. ಹೊಸದಾಗಿ ನೌಕಾಬಲ ಕಟ್ಟುತ್ತಿದ್ದ ಒಬ್ಬ ಅರಸ ಇಷ್ಟು ದೂರ ಹಡಗು ತರುವಷ್ಟು ಹಣ ಈ ಸಣ್ಣ ಹೊಳೆಯೂರಿನಲ್ಲಿತ್ತು. ಬಸ್ರೂರಿನ ಹಿರಿಮೆ ತಿಳಿಯಲು ಅಷ್ಟು ಸಾಕು.

ಪೋರ್ಚುಗೀಸರ ಕೋಟೆ ಬಸ್ರೂರಿನಲ್ಲಿ ನೋಡಲು ಸಿಗುತ್ತದೆಯೇ?

ಇಲ್ಲ. ಅವರು 1569ರಲ್ಲಿ ಇಲ್ಲಿಗೆ ದಾಳಿ ಮಾಡಿ, ಹೊಳೆಯ ಕೆಳಗಡೆ, ಕಡಲಿಗೆ ಹತ್ತಿರವಾಗಿ ಕೋಟೆ ಕಟ್ಟಿದರು. ಬಸ್ರೂರಿಗೆ ಹೋಗಿಬರುವ ಹಡಗುಗಳನ್ನು ತಡೆಯಲು ಅಲ್ಲಿ ಕೂತರೆ ಸಾಕಿತ್ತು. ಆ ಕಾಲದ ಗುರುತು ಬೇಕಾದವರು ಕುಂದಾಪುರದ ರೋಜರಿ ಮಾತೆಯ ಚರ್ಚಿಗೆ ಹೋಗಬಹುದು. ಅದರ ಸ್ಥಾಪನೆಯ ವರ್ಷ 1570, ಅಂದರೆ ಕೋಟೆಯ ಮರುವರ್ಷವೇ. ಈಗಿನ ಕಟ್ಟಡ ಅಷ್ಟು ಹಳೆಯದಲ್ಲ.

ಇಷ್ಟು ದೊಡ್ಡ ಬಂದರು ಏಕೆ ನಿಂತುಹೋಯಿತು?

ಒಂದೇ ದಿನ ನಿಂತದ್ದಲ್ಲ. ಅಳಿವೆಯ ಬಾಯಿ ಪರರ ಕೈಗೆ ಹೋದಾಗ ಮೊದಲ ಏಟು ಬಿತ್ತು. ಅರಸರ ಜಗಳ, ದಾಳಿಗಳಿಂದ ವರ್ತಕರು ಚದುರಿದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಘಟ್ಟದ ಮೇಲಿನ ರಾಜಧಾನಿಯೇ ಇಲ್ಲವಾಯಿತು. ಹಡಗುಗಳ ಗಾತ್ರ ಬೆಳೆಯುತ್ತ ಹೋಯಿತು, ಪ್ರತಿ ಮಳೆಗಾಲ ಘಟ್ಟದಿಂದ ಮಣ್ಣು ತಂದು ಹೊಳೆಯಲ್ಲಿ ಹಾಕುತ್ತಲೇ ಇತ್ತು. ವ್ಯಾಪಾರ ಅಳಿವೆಯ ಹತ್ತಿರದ ಕುಂದಾಪುರ, ಗಂಗೊಳ್ಳಿಗೆ ಜಾರಿತು. ಬಸ್ರೂರು ತೋಟ, ಗದ್ದೆ, ದೇವಸ್ಥಾನಗಳ ಊರಾಗಿ ಉಳಿಯಿತು.

ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗಬಹುದೇ?

ಖಂಡಿತ. ಬೆಟ್ಟ ಹತ್ತುವುದಿಲ್ಲ, ಉದ್ದ ಮೆಟ್ಟಿಲಿಲ್ಲ. ಬಿಸಿಲು ಮತ್ತು ಸೆಕೆ ಮಾತ್ರ ತಡೆದುಕೊಳ್ಳಬೇಕು. ಬೆಳಿಗ್ಗೆ ನಡಿಗೆ, ಮಧ್ಯಾಹ್ನ ವಿಶ್ರಾಂತಿ ಎಂದು ಹೊಂದಿಸಿಕೊಳ್ಳಿ. ನಿಮ್ಮ ಮನೆಯ ಹಿರಿಯರು ಕುಂದಾಪುರದ ಕಡೆಯವರಾಗಿದ್ದರೆ ಮುಂದೆ ಅವರನ್ನೇ ಬಿಡಿ. ಅವರು ಮಾತನಾಡಿಸಿದಾಗ ತೆರೆದುಕೊಳ್ಳುವ ಮನೆಗಳು ನಮಗೆ ನಿಮಗೆ ತೆರೆದುಕೊಳ್ಳುವುದಿಲ್ಲ.

ಹೊಳೆಗೆ ಇಳಿಯಬಹುದೇ? ದೋಣಿ ಸಿಗುತ್ತದೆಯೇ?

ಇಳಿಯಬೇಡಿ. ಮೇಲೆ ನಿಂತ ನೀರಿನ ಹಾಗೆ ಕಂಡರೂ ಭರತ-ಇಳಿತದ ಸೆಳೆತ ಕೆಳಗಿರುತ್ತದೆ, ದಂಡೆಯ ಕೆಸರು ಕಾಲನ್ನು ಹಿಡಿಯುತ್ತದೆ. ಮೀನು ಹಿಡಿಯುವವರ ಪಾತಿ ದೋಣಿಯಲ್ಲಿ ಮಕ್ಕಳನ್ನು ಕೂರಿಸಿ ಎಂದು ಒತ್ತಾಯಿಸಬೇಡಿ, ಅದು ಅವರ ದುಡಿಮೆಯ ದೋಣಿ. ನೀರಿನ ಮೇಲೆ ಹೋಗಲೇಬೇಕೆಂದರೆ ದಾರಿಯಲ್ಲಿ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಲೈಫ್ ಜಾಕೆಟ್ ಹಾಕಿಸಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕಿಂಗ್ ಮಾಡಿಸುತ್ತಾರೆ. ಅದು ಸೀತಾನದಿಯ ಹಿನ್ನೀರು.

ಊಟಕ್ಕೆ ಏನು ವ್ಯವಸ್ಥೆ?

ಊಟಕ್ಕೆ ಕುಂದಾಪುರಕ್ಕೆ ಬನ್ನಿ. ಚಿಕನ್ ಘೀ ರೋಸ್ಟ್ ಹುಟ್ಟಿದ್ದು ಇದೇ ಪೇಟೆಯಲ್ಲಿ. ಆದರೂ ನನ್ನ ಮತ ಕೋಳಿ ಸಾರಿಗೆ, ಕುಂದಾಪುರದ ಮಸಾಲೆ ಹಾಕಿ ಮಾಡಿದ ಸಾರು, ಜೊತೆಗೆ ನೀರುದೋಸೆ. ಮೀನು ತಿನ್ನುವವರು ಆ ದಿನ ಯಾವುದು ತಾಜಾ ಬಂದಿದೆ ಎಂದು ಕೇಳಿ ಹೇಳಿ, ಕಾಣೆ ಮೀನು ಸಿಕ್ಕಿದರೆ ಬಿಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಆಯ್ಕೆ ಕಡಿಮೆ, ಬೆಲೆ ಹೆಚ್ಚು. ಸಸ್ಯಾಹಾರಿಗಳಿಗೆ ಪೇಟೆಯ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನದ ಊಟ, ಸಂಜೆಗೆ ಬನ್ಸ್, ಗೋಳಿಬಜೆ. ಬಸ್ರೂರಿನ ನಡಿಗೆಗೆ ನೀರಿನ ಬಾಟಲಿ ಮನೆಯಿಂದಲೇ ತನ್ನಿ, ದಾರಿಯಲ್ಲಿ ಸಿಯಾಳ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಬರಬಹುದೇ?

ನವೆಂಬರಿನಿಂದ ಫೆಬ್ರವರಿ. ಜನವರಿಯಲ್ಲಿ ಬಂದರೆ ಕುಂದಾಪುರ ದಾಟಿ ಹೆಮ್ಮಾಡಿಯವರೆಗೆ ಹೋಗಿ, ಮಾರಣಕಟ್ಟೆಯ ಸಂಕ್ರಾಂತಿ ಜಾತ್ರೆಗೆಂದು ಬೆಳೆಸುವ ಹೆಮ್ಮಾಡಿ ಸೇವಂತಿಗೆಯ ಗದ್ದೆಗಳು ಹಳದಿಯಾಗಿರುತ್ತವೆ. ಏಪ್ರಿಲ್, ಮೇ ತಿಂಗಳ ಸೆಕೆ ಮಕ್ಕಳಿಗೆ ಕಷ್ಟ.

ಮಳೆಗಾಲದಲ್ಲಿ ಊರು ತುಂಬಾ ಚೆಂದ, ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಡಗಿನ ಕಾಲದಲ್ಲೂ ಈ ತಿಂಗಳುಗಳಲ್ಲಿ ಬಂದರು ಮುಚ್ಚಿರುತ್ತಿತ್ತು, ನಾವಿಕರು ಮಳೆ ಕಳೆಯುವುದನ್ನು ಕಾಯುತ್ತಿದ್ದರು. ಸಣ್ಣ ಮಕ್ಕಳಿದ್ದರೆ ನೀವೂ ಕಾಯಿರಿ.

ಮಧ್ಯಾಹ್ನದ ಮೇಲೆ ಎಲ್ಲಿಗೆ ಹೋಗುವುದು?

ಕುಂದಾಪುರದ ಕೋಡಿಗೆ. ಬೆಳಿಗ್ಗೆ ಬಸ್ರೂರಿನಲ್ಲಿ ನೋಡಿದ ನೀರು ಕಡಲು ಸೇರುವುದು ಅಲ್ಲಿಯೇ. ಸೀವಾಕ್ ಮೇಲೆ ನಡೆದುಹೋದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಅಳಿವೆ, ಆಚೆ ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕೆ ದೋಣಿಗಳು. ಕೂಗಿದರೆ ಕೇಳುವಷ್ಟು ಹತ್ತಿರ ಕಾಣುವ ಗಂಗೊಳ್ಳಿಗೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಸುತ್ತಿಕೊಂಡು ಹೋಗಬೇಕು. ನಮ್ಮ ಊರುಗಳಿಗೆ ಹಿಂದೆ ಹೊಳೆಯೇ ಹೆದ್ದಾರಿಯಾಗಿತ್ತು ಎಂದು ಮಕ್ಕಳಿಗೆ ಹೇಳಲು ಇದೇ ಜಾಗ. ಇನ್ನೂ ಹೊತ್ತಿದ್ದರೆ ಹಿಂದಿರುಗುವ ದಾರಿಯಲ್ಲಿ ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದ ವಿಶಾಲ ಕೆರೆ, ಆನೆಗುಡ್ಡೆಯ ವಿನಾಯಕ.

ಅದೇ ದಿನ ಬಾರ್ಕೂರನ್ನೂ ನೋಡಬಹುದೇ?

ದಾರಿಯಲ್ಲೇ ಸಿಗುತ್ತದೆ ಎಂದು ಸೇರಿಸಿಕೊಳ್ಳುವವರು ಬಹಳ. ನನ್ನ ಸಲಹೆ ಬೇಡ ಎಂದು. ಆಳುಪರ ರಾಜಧಾನಿಯಾಗಿದ್ದ ಊರು ಅದು. ಕತ್ತಲೆ ಬಸದಿ, ಪಂಚಲಿಂಗೇಶ್ವರ, ಕೋಟೆಯ ಅವಶೇಷ, ಹತ್ತಾರು ಕೇರಿ, ಅದಕ್ಕೇ ಒಂದು ದಿನ ಬೇಕು. ಅಲ್ಲಿನ ಭೂತಾಳ ಪಾಂಡ್ಯನ ಕಥೆಯಲ್ಲೂ ಹಡಗು ಇದೆ: ಸರಕು ತುಂಬಿದ ಹಡಗು ಹೊರಡಬೇಕಾದರೆ ಮಗನನ್ನು ಬಲಿ ಕೊಡು ಎಂದು ಕುಂಡೋದರ ಭೂತ ಅರಸನನ್ನು ಕೇಳಿತು, ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ರಾಜ್ಯ ಅಳಿಯನಿಗೆ ಹೋಯಿತು, ಅಳಿಯಸಂತಾನ ಕಟ್ಟು ಹಾಗೆ ಹುಟ್ಟಿತು ಎಂಬ ಐತಿಹ್ಯ. ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಶಾಸನದ ಫೋಟೊ ತೆಗೆಯಬಹುದೇ? ಅಕ್ಷರ ಕಾಣಲು ಸುಣ್ಣ, ಸೀಮೆಸುಣ್ಣ ಹಚ್ಚಬಹುದೇ?

ದೇವಸ್ಥಾನದವರನ್ನು ಕೇಳಿ ಫೋಟೊ ತೆಗೆಯಿರಿ. ಏನನ್ನೂ ಹಚ್ಚಬೇಡಿ, ಉಜ್ಜಬೇಡಿ, ಎಣ್ಣೆ ಹಾಕಬೇಡಿ. ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ಗುಳಿಗಳಲ್ಲಿ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ ಕೆತ್ತಿದ್ದರೆ, ಅವೆರಡೂ ಇರುವವರೆಗೆ ಈ ದಾನ ನಡೆಯಲಿ ಎಂದು ಅರ್ಥ. ಅಕ್ಷರ ಹಳೆಗಾಲದ್ದಾದರೂ ಕನ್ನಡವೇ, ಒಂದೆರಡು ಅಕ್ಷರ ಗುರುತು ಸಿಕ್ಕಿದರೆ ಶಾಲೆಗೆ ಹೋಗುವ ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಎಷ್ಟು ಗಂಟೆಗೆ ಹೊರಡಬೇಕು?

ಉಡುಪಿಯವರು ಏಳಕ್ಕೆ, ಮಂಗಳೂರಿನವರು ಆರಕ್ಕೆ. ಒಂಬತ್ತರ ಒಳಗೆ ಬಸ್ರೂರು ಸೇರಿದರೆ ಮಧ್ಯಾಹ್ನದ ಪೂಜೆಯವರೆಗೆ ಸಾಕಷ್ಟು ಹೊತ್ತು ಸಿಗುತ್ತದೆ. ಆ ದಿನ ಭರತ ಮಧ್ಯಾಹ್ನದ ಮೇಲಿದ್ದರೆ ಹೊಳೆ ಬದಿಯನ್ನು ಊಟದ ನಂತರಕ್ಕೆ ಇಟ್ಟು, ಕೋಡಿಗೆ ಐದು ಗಂಟೆಯ ಹೊತ್ತಿಗೆ ತಲುಪಿ.